ವೆಂಕಟರತ್ನಮ್ಮನ ಉರಿಮೂತ್ರ

ವೆಂಕಟರತ್ನಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆ ಮುಂದೆ ಕೂತವಳು ಅನ್ನ ಬೇಯುವುದರೊಳಗೆ ನಾಲ್ಕು ಸಲ ಏಳುತ್ತಿದ್ದಳು. ಎದ್ದು ಹೋದರೂ ಬರುವುದು ಎರಡು ಹನಿ, ಅದೂ ಬೆಂಕಿ. ಐವತ್ತೆಂಟನೇ ಇಸವಿಯಲ್ಲಿ ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ನಂದಿದುರ್ಗ ಚಿನ್ನದ ಗಣಿಯ ಲೈನಿಗೆ, ಕೂಲಿಕಾರರ ಸಾಲುಮನೆಗೆ, ಸೊಸೆಯಾಗಿ ಬಂದವಳು. ವರ್ಷ ತುಂಬುವುದರೊಳಗೆ ಮೂರು ಸಲ ಉರಿಮೂತ್ರ, ಚಳಿಜ್ವರ. ಮಾರಿಕುಪ್ಪಂನಲ್ಲಿ ರೈಲು ಹತ್ತಿ ತವರಿಗೆ ಹೋದರೆ ವಾರದಲ್ಲಿ ವಾಸಿ. ಗಂಡನ ಮನೆಗೆ ಬಂದರೆ ಮತ್ತೆ ಶುರು.

ಅತ್ತೆ ಅಕ್ಕಯ್ಯಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು. "ನನ್ ಮಗನ್ನ ಕಂಡ್ರೆ ಆಗಲ್ಲ ಇವ್ಳಿಗೆ. ಇನ್ನೊಂದ್ಸಲ ಜ್ವರ ಅಂತ ಮಲಗಿದ್ರೆ ತವರಿಗೋಗಿ ಅಲ್ಲೇ ಇರ್ಲಿ. ಅವನಿಗೆ ಬೇರೆ ಎಣ್ಣು ತತ್ತೀನಿ."

ಗಂಡ ಆದಿನಾರಾಯಣ ಕೆಟ್ಟವನಲ್ಲ, ಆದರೆ ಅಮ್ಮನೆದುರು ಬಾಯಿ ಬಿಡುವವನೂ ಅಲ್ಲ. ಅಂಥವನ ಮೇಲೆ ಇವಳಿಗೆ ಪ್ರಾಣ! ಅವನು ಕೈಬಿಟ್ಟು ಹೋಗುತ್ತಾನೆಂಬ ಭಯ ಇವಳನ್ನು ತಿನ್ನತೊಡಗಿತು.

ನಾಲ್ಕನೇ ಸಲ ಉರಿ ಶುರುವಾದ ದಿನ ಯಾರಿಗೂ ಹೇಳದೆ ಆಸ್ಪತ್ರೆಗೆ ಓಡಿದಳು. ಡಾಕ್ಟರು ಮಾತ್ರೆ ಬರೆದರು. ನರ್ಸ್ ಅಮ್ಮಾಜಮ್ಮ ಪಕ್ಕಕ್ಕೆ ಕರೆದು ಕೇಳಿದರು: "ಗಂಡನ ಜೊತೆ ಸೇರಿದ್ಮೇಲೆ ಎದ್ದು ಉಚ್ಚೆಗೋಗ್ತೀಯಾ?"

"ಎಂಗೋಗ್ಲಿ ಅಕ್ಕಾ? ಅವ್ರು ರಾತ್ರಿ ಪಾಳಿ ಮುಗ್ಸಿ ಬರೋದು ಬೆಳಿಗ್ಗೆ. ಅತ್ತೆ ಬಾಗಿಲು ಎಳ್ಕಂಡು ಲೈನ್ ಎಂಗಸ್ರ ಜೊತೆ ಜಗಲೀಲಿ ಕೂತಿರ್ತಾರೆ. ಚೊಂಬು ಇಡ್ಕಂಡು ಈಚೆಗ್ಬಂದ್ರೆ ಎಲ್ರಿಗೂ ಗೊತ್ತಾಗಲ್ವಾ? ಅವ್ರೆಲ್ಲ ಮನೆಗೋಗೋ ತನಕ ತಡ್ಕಂತೀನಿ. ನೀರೂ ಕುಡಿಯಲ್ಲ."

ಒಂದೇ ಕೋಣೆಯ ಮನೆ, ಕಕ್ಕಸು ಲೈನಿನ ಕೊನೆಗೆ. ಮಗ ಸೊಸೆ ಒಟ್ಟಿಗಿರಲಿ ಎಂಬ ದೊಡ್ಡ ಮನಸ್ಸಿನಿಂದಲೇ ಅಕ್ಕಯ್ಯಮ್ಮ ಹೊರಗೆ ಕೂರುತ್ತಿದ್ದಳು. ಆ ಉಪಕಾರವೇ ಸೊಸೆಯ ಜೀವ ಹಿಂಡುತ್ತಿತ್ತು.

"ಮಾತ್ರೆ ಈ ಸಲದ್ದು ವಾಸಿ ಮಾಡ್ತದೆ ಕಣಮ್ಮಿ, ಅರ್ಧಕ್ಕೆ ಬಿಡ್ಬೇಡ," ಎಂದರು ಅಮ್ಮಾಜಮ್ಮ. "ಮುಂದ್ಕೆ ಬರದಂಗೆ ನೀನು ನೋಡ್ಕೋಬೇಕು. ನೀರು ಚೆನ್ನಾಗಿ ಕುಡಿ. ಸೇರಿದ್ಮೇಲೆ ತಡೀಬೇಡ, ಎದ್ದೋಗು. ಆದ್ರೂ ಬಂತು ಅಂದ್ರೆ ತಕ್ಷಣ ಇಲ್ಲಿಗ್ ಬಾ."

ಮಾತ್ರೆ ಮುಗಿಯಿತು, ಉರಿ ನಿಂತಿತು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಆದಿನಾರಾಯಣ ಮಗ್ಗುಲಾಗಿ ನಿದ್ದೆ ಹೋದ. ವೆಂಕಟರತ್ನಮ್ಮ ಎದ್ದಳು, ಕೂತಳು, ಮತ್ತೆ ಎದ್ದಳು. ಚೊಂಬು ತುಂಬಿದಳು, ಕೆಳಗಿಟ್ಟಳು. ಹೊರಗೆ ಹೆಂಗಸರ ನಗು ಕೇಳುತ್ತಿತ್ತು. ನಾಚಿಕೆಗೆ ಸತ್ತೇ ಹೋಗುತ್ತೇನೆ ಅನ್ನಿಸಿತು. ಮಾನ ಹೋದರೆ ಹೋಗಲಿ, ಗಂಡ ಉಳಿಯಲಿ ಎಂದುಕೊಂಡು ಚೊಂಬೆತ್ತಿ ಬಾಗಿಲು ತೆಗೆದಳು.

ಜಗಲಿಯಲ್ಲಿದ್ದವರ ಕಣ್ಣೆಲ್ಲ ಚೊಂಬಿನ ಮೇಲೆ ಬಿತ್ತು. ಪಕ್ಕದ ಮನೆಯ ಮುನಿಶಾಮಮ್ಮ ಸೆರಗು ಬಾಯಿಗಿಟ್ಟು ಕಿಸಕ್ಕೆಂದಳು. "ಏನಮ್ಮಿ, ಅಷ್ಟು ಅವಸರ?"

"ನರ್ಸಮ್ಮ ಏಳವ್ರೆ. ತಡ್ಕಂಡು ತಡ್ಕಂಡೇ ನಂಗೆ ಉರಿ ಬರ್ತಿದ್ದಿದ್ದು." ವೆಂಕಟರತ್ನಮ್ಮನಿಗೆ ಅಳು ಒತ್ತರಿಸಿ ಬಂತು. "ಅವ್ರನ್ನ ಕಂಡ್ರೆ ಆಗದೆ ಅಲ್ಲ ಅತ್ತೆ."

ಅಕ್ಕಯ್ಯಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಬೈಗುಳ ಬರುತ್ತದೆಂದು ಸೊಸೆ ತಲೆ ತಗ್ಗಿಸಿದಳು.

"ಕಾಲು ತೆಗೀರೇ, ದಾರಿ ಬಿಡಿ ಅವ್ಳಿಗೆ," ಎಂದಳು ಅತ್ತೆ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು: "ನಮ್ಮತ್ತೇನೂ ಇಂಗೇ ಜಗಲೀಲಿ ಕೂತಿರ್ತಿದ್ಲು. ನನ್ ಗಂಡ ಸಾಯೋಗಂಟ ನಂಗೂ ಉರೀತಿತ್ತು ಕಣೇ."