ತಿಳಿದ ಸಾಲಿಗೊಂದು ಗೀಟು

ಓದಿದ್ದು ತಿಳಿಯದಿದ್ದರೆ ಸಿಟ್ಟು ಬರುವುದುಂಟು. ಓದಿದ್ದು ತಿಳಿಯಿತೆಂದು ಸಿಟ್ಟಾದವರನ್ನು ನೀವು ಕಂಡಿದ್ದೀರಾ? ಈ ತಿಂಗಳು ನಾನು ಹಾಗೆ ಸಿಟ್ಟಾದೆ. ಅದೂ ಎಪ್ಪತ್ತು ದಾಟಿದ ಹಿರಿಯರೊಬ್ಬರ ಮೇಲೆ.

ಸಮುವೇಲಪ್ಪ ಮಾಸ್ತರರು ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮಗಳು ಇಲ್ಲಿ ದಾಂಡೇಲಿಯಲ್ಲಿ ನರ್ಸ್. ಅವಳ ಜೊತೆಗೆ ಬಂಗೂರನಗರದಲ್ಲಿ ಇರುತ್ತಾರೆ, ನಮ್ಮ ಮನೆಯಿಂದ ಮೂರನೇ ಮನೆ. ರವಿವಾರ ಮಧ್ಯಾಹ್ನ ಮಗಳ ಜೊತೆಗಾರ್ತಿಯರು ನಾಲ್ಕೈದು ಜನ ಅಲ್ಲಿ ಪ್ರಾರ್ಥನೆಗೆ ಕೂಡುತ್ತಾರೆ. ಒಬ್ಬಳು ಕೇರಳದವಳು, ಒಬ್ಬಳು ಜೊಯಿಡಾ ಕಡೆಯ ಕೊಂಕಣಿಯವಳು, ಇನ್ನೊಬ್ಬಳದು ತೆಲುಗು. ಎಲ್ಲರಿಗೂ ಬರುವುದು ಇಂಗ್ಲಿಷ್ ಒಂದೇ. ಅದೂ ಎಷ್ಟು? ಔಷಧದ ಬಾಟಲಿ ಓದುವಷ್ಟು, ಡಾಕ್ಟರರಿಗೆ ಉತ್ತರ ಕೊಡುವಷ್ಟು.

ಮಾಸ್ತರರು ಅವರಿಗೆ ಓದಿ ಹೇಳುತ್ತಿದ್ದದ್ದೋ, ಮುನ್ನೂರು ವರ್ಷದ ಹಿಂದೆ ಯಾರೋ ಇಂಗ್ಲಿಷ್ ಪಾದ್ರಿ ಬರೆದ ಭಕ್ತಿಯ ಪುಸ್ತಕ. ತುಂಬ ದೌ, ದೀ, ಹ್ಯಾತ್ ಎಂಬ ಹಳೆಗಾಲದ ಇಂಗ್ಲಿಷ್. ಒಂದು ವಾಕ್ಯ ಮುಗಿಯಬೇಕಾದರೆ ಪುಟ ತಿರುವಬೇಕು. ಹುಡುಗಿಯರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಭಕ್ತಿಯಿಂದ ಎಂದು ಮಾಸ್ತರರು ತಿಳಿದಿದ್ದರು. ಒಂದು ರವಿವಾರ ಒಬ್ಬಳು ಗೊರಕೆ ಹೊಡೆದಳು. (ಪಾಳಿ ಮುಗಿಸಿ ನೇರ ಬಂದಿದ್ದಳು, ಪಾಪ.)

ಅಂದೇ ಮಾಸ್ತರರು ಹಟ ತೊಟ್ಟರು. ಇಡೀ ಪುಸ್ತಕವನ್ನು ಈಗಿನ ಸರಳ ಇಂಗ್ಲಿಷಿಗೆ ತರಬೇಕು! ವರ್ಷವಿಡೀ ಬರೆದರು. ಬರೆದು ಮುಗಿಸಿ, ನೋಟ್‌ಬುಕ್ಕುಗಳನ್ನು ಕೈಚೀಲದಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದರು.

“ಅಕ್ಕೋರ, ಇದನ್ನ ಓದ್ರಿ. ತಿಳೀಲಾರದ ಜಾಗಾದಾಗ ಪೆನ್ಸಿಲ್ಲೆ ಒಂದು ಗೀಟ ಹಾಕ್ರಿ.”

“ನಾ ಯಾಕ್ರಿ ಮಾಸ್ತರ? ನಿಮ್ಮ ಧರ್ಮದ ಪುಸ್ತಕ, ನನಗೇನು ತಿಳೀತೈತಿ?”

“ಅದಕ್ಕ ನಿಮ್ಮ ಕಡೆ ತಂದೇನ್ರಿ. ನಮ್ಮ ಮಂದಿ ತಿಳೀದಿದ್ರೂ ಆಮೆನ್ ಅಂತಾರ. ನೀವು ಅನ್ನಂಗಿಲ್ಲ.”

ನಾನೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳಲ್ಲವೆ? ಒಳಗೊಳಗೇ ಹೆಮ್ಮೆಯಾಯಿತು. ಹಳೆಯ ಪುಸ್ತಕ ಎಡಗಡೆ, ಹೊಸ ನೋಟ್‌ಬುಕ್ಕು ಬಲಗಡೆ ಇಟ್ಟುಕೊಂಡು ಶುರು ಮಾಡಿದೆ. ನಿಜ ಹೇಳಲೇ? ಮೊದಲಿಗೆ ಹಳೆಯದೇ ಚೆನ್ನಾಗಿದೆ ಅನಿಸಿತು. ಅದಕ್ಕೊಂದು ಗತ್ತಿತ್ತು. ಮಾಸ್ತರರ ಸ್ವಂತ ಅಳಿಯನೇ ಬೈದಿದ್ದನಂತೆ, ದೇವರ ಜೊತೆ ಸಂತೆಯೊಳಗಿನ ಮಾತು ಆಡಬೇಕೇನು ಎಂದು. ನನಗೂ ಹಾಗೇ ಅನಿಸಿತ್ತು. ನಾನು ದಿನಾ ಬೆಳಗ್ಗೆ ಹೇಳುವ ಸ್ತೋತ್ರದಲ್ಲಿ ನನಗೆ ಅರ್ಥವಾಗುವುದು ಎಷ್ಟು? ಅರ್ಧವೂ ಇಲ್ಲ. ಅದರಿಂದ ಏನು ಕೊರತೆಯಾಗಿದೆ? ಹೇಳಿ ಮುಗಿಸಿದರೆ ಮನಸ್ಸು ಹಗುರ.

ಮೂರನೇ ನೋಟ್‌ಬುಕ್ಕಿನಲ್ಲಿ ಆ ಸಾಲು ಬಂತು.

ಹಳೆಯ ಪುಸ್ತಕದಲ್ಲಿ ಅದು ಏಳು ಸಾಲಿನ ಒಂದು ವಾಕ್ಯ. ಆತ್ಮ, ಅಪರಾಧ, ಪಶ್ಚಾತ್ತಾಪ, ಸಿಂಹಾಸನ, ಎಲ್ಲ ಇತ್ತು. ಮಾಸ್ತರರು ಅದನ್ನು ಮೂರು ಪುಟ್ಟ ವಾಕ್ಯ ಮಾಡಿದ್ದರು. ಕನ್ನಡದಲ್ಲಿ ಹೇಳಿದರೆ ಹೀಗೆ: ನೀನು ಯಾರಿಗೆ ಅನ್ಯಾಯ ಮಾಡಿದೆಯೋ ಅವರ ಮನೆ ನಿನಗೆ ಗೊತ್ತು. ಮೊದಲು ಅಲ್ಲಿಗೆ ಹೋಗು. ಆಮೇಲೆ ಪ್ರಾರ್ಥನೆಗೆ ಬಾ.

ಪೆನ್ಸಿಲ್ ಒತ್ತಿ ಗೀಟು ಹಾಕಿದೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. (ಯಜಮಾನರು ಸುಮ್ಮನೆ ಉಂಡರು. ನನ್ನ ಮುಖ ನೋಡಿ ಧೈರ್ಯ ಬಂದಿರಲಿಕ್ಕಿಲ್ಲ.) ಮರುದಿನ ಮಾಸ್ತರರು ಬಂದಾಗ ಬಾಗಿಲಲ್ಲೇ ಶುರು ಮಾಡಿದೆ.

“ಈ ಸಾಲು ಭಾಳ ಒರಟಾತ್ರಿ ಮಾಸ್ತರ. ಸ್ವಲ್ಪ ಹಳೇದರಂಗ ಮಾಡ್ರಿ.”

“ತಿಳೀಲಿಲ್ಲೇನ್ರಿ?”

“ತಿಳೀತು.”

“ತಿಳದದ್ದಕ್ಕೂ ಗೀಟ ಹಾಕಿದ್ರ ನಾ ಏನ ಮಾಡ್ಲಿ, ಅಕ್ಕೋರ?”

ನನಗೆ ರೇಗಿತು. ಇಷ್ಟು ಬೆತ್ತಲೆಯಾಗಿ ಬರೆದರೆ ಓದುವವರ ಗತಿ ಏನು ಎಂದು ದನಿ ಏರಿಸಿದೆ. ಅವರು ಚಾಳೀಸು ತೆಗೆದು ಗಾಜು ಒರೆಸಿಕೊಂಡರು. “ಈ ಸಾಲಿನ ಮುಂದ ನಾನೂ ಒಂದು ತಿಂಗಳ ಕುಂತೇನ್ರಿ. ಸುತ್ತಬಳಸಿ ಬರದು ನೋಡ್ದೆ. ಬರಲಿಲ್ಲ” ಎಂದರು. ಯಾಕೆ ಕೂತಿದ್ದರು, ಯಾರ ಮನೆ ನೆನಪಾಗಿತ್ತು, ಅವರು ಹೇಳಲಿಲ್ಲ.

ನನಗೆ ನೆನಪಾದ ಮನೆ ಯಾವುದೆಂದು ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ಒಂಬತ್ತನೇ ಇಯತ್ತೆಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಬೆಳಗಾವಿ ಕಡೆಯವರು, ಅಪ್ಪ ಕಾಗದದ ಕಾರ್ಖಾನೆಯಲ್ಲಿ ಕೆಲಸಗಾರ. ನದಿಯ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ತನ್ನಿ ಎಂದಿದ್ದೆ. ಉಳಿದವರೆಲ್ಲ ಗೈಡಿನಿಂದ ಇಳಿಸಿ ತಂದರು. ಕಸ್ತೂರಿ ಸಣ್ಣ ಸಣ್ಣ ವಾಕ್ಯ ಬರೆದಿದ್ದಳು. ನದಿ ನಮ್ಮ ಮನೆಗೆ ಅವ್ವನ ಕೊಡದಲ್ಲಿ ಬರುತ್ತದೆ, ಬರುವಾಗ ಅವ್ವನ ಅರ್ಧ ಸೀರೆ ತೋಯಿಸುತ್ತದೆ ಎಂದು. ಒಂದೂ ತಪ್ಪಿಲ್ಲ. ನನ್ನ ವಿದ್ಯಾರ್ಥಿನಿ ಹೀಗೆ ಬರೆಯುವುದು ಸಾಧ್ಯವೇ? ಸಾಧ್ಯವಿಲ್ಲ ಎಂದು ನಾನೇ ತೀರ್ಮಾನಿಸಿದೆ.

“ಕಸ್ತೂರಿ, ನಿಂದರು. ಯಾವ ಪುಸ್ತಕದಿಂದ ಕದ್ದಿ?”

ಅವಳು “ಇಲ್ರಿ” ಎಂದಳು. ಮತ್ತೆ ಕೇಳಿದೆ. ಮತ್ತೆ “ಇಲ್ರಿ.” ಬೆಂಚಿನ ಮೇಲೆ ನಿಲ್ಲಿಸಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ನಾಲ್ಕು ದಿನ ಬಿಟ್ಟು ನನ್ನೆದುರಿಗೇ ಟೆಸ್ಟ್ ಬರೆಸಿದೆ. ಒಲೆಯ ಬಗ್ಗೆ ಎರಡು ಪುಟ ಬರೆದಳು. ಅದೇ ಸಣ್ಣ ವಾಕ್ಯಗಳು, ಅದೇ ಕಣ್ಣು. ನದಿಯದೂ ಕದ್ದದ್ದಲ್ಲ ಎಂದು ತಿಳಿಯಿತು. ಏನು ಮಾಡಿದೆ ಗೊತ್ತೇ? ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆದುಕೊಟ್ಟೆ. ಅಷ್ಟೇ. ಟೀಚರ್ ಆದವಳು ಹುಡುಗಿಯ ಮುಂದೆ ತಪ್ಪಾಯಿತು ಎನ್ನುವುದುಂಟೇ?

ದೀಪಾವಳಿ ಸೂಟಿಯ ನಂತರ ಕಸ್ತೂರಿ ಬರಲಿಲ್ಲ. ಹಳಿಯಾಳದಲ್ಲಿ ಸೋದರಮಾವನ ಮನೆಯಲ್ಲಿದ್ದು ಹೊಲಿಗೆ ಕಲಿಯುತ್ತಾಳೆ, ಸಾಲಿ ಬ್ಯಾಡ ಅಂತಾಳ್ರಿ ಎಂದು ಅವಳ ಅಪ್ಪ ಹೇಳಿದರು. ಯಾಕೆ ಬೇಡ ಎಂದು ನಾನು ಕೇಳಲಿಲ್ಲ.

ಮಾಸ್ತರರ ಮೇಲೆ ದನಿ ಏರಿಸಿದ ಮುಂದಿನ ರವಿವಾರ, ಬೆಳಗಿನ ಬಸ್ಸಿಗೆ ಹಳಿಯಾಳಕ್ಕೆ ಹೊರಟೆ. ದಾರಿಯಲ್ಲಿ ಎರಡು ಸಲ ಇಳಿದುಬಿಡೋಣ ಅನಿಸಿತು. ಆ ಸೋದರಮಾವನ ಮನೆ ಕೇಳಿಕೊಂಡು ಹೋದರೆ, ಅಡುಗೆಮನೆಯ ಕಿಟಕಿಯ ಬೆಳಕಿಗೆ ಮಷಿನ್ ಹಾಕಿಕೊಂಡು ಕಸ್ತೂರಿ ಕುಪ್ಪಸ ಹೊಲಿಯುತ್ತಿದ್ದಳು. ಎತ್ತರವಾಗಿದ್ದಳು. ಅವಳ ಅತ್ತೆ ಗಡಿಬಿಡಿಯಿಂದ ಚಾಪೆ ಹಾಸಿ ಚಹಾಕ್ಕಿಟ್ಟರು.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. “ನೀ ಕದ್ದಿರಲಿಲ್ಲ, ಕಸ್ತೂರಿ. ತಪ್ಪು ನಂದು” ಎಂದಷ್ಟೇ ಅಂದೆ.

ಮಷಿನ್ ನಿಂತಿತು. “ನಿಮಗ ಯಾವಾಗ ಗೊತ್ತಾತ್ರಿ, ಅಕ್ಕೋರ?”

“ನಾಕ ದಿನದಾಗ.”

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. “ಅಂದ್ರ ನಾ ಅಲ್ಲಿಂದ ಎರಡು ತಿಂಗಳ ನಿಮ್ಮ ಕ್ಲಾಸಿನ್ಯಾಗ ಇದ್ನೆಲ್ರಿ. ದಿನಾ ನಿಮ್ಮ ಮಾರಿ ನೋಡ್ತಿದ್ದೆ. ಇವತ್ತು ಹೇಳ್ತಾರ, ನಾಳೆ ಹೇಳ್ತಾರ ಅಂತ.”

“ಹೋಗ್ಲಿ ಬಿಡವಾ,” ಎಂದರು ಅತ್ತೆ. “ಅಷ್ಟು ದೂರದಿಂದ ಬಂದಾರ.”

ಕಸ್ತೂರಿ ಬಿಡಲಿಲ್ಲ. ದನಿ ಏರಿಸಲೂ ಇಲ್ಲ. “ಅಂದದ್ದು ನಲವತ್ತು ಮಂದಿ ಮುಂದ. ಈಗ ಹೇಳೂದು ನಮ್ಮತ್ತಿ ಒಬ್ಬಾಕಿ ಮುಂದ.”

“ಏನ ಮಾಡ್ಲಿ ಹೇಳು.”

“ವಾರಾ ವಾರಾ ಪೇಪರಿನ್ಯಾಗ ಬರೀತೀರೆಲ್ರಿ. ಮಾವ ತರ್ತಾನ. ನಾ ಓದ್ತೇನಿ.”

ಹೆಸರು ಬದಲಿಸಿ ಬರೆಯುತ್ತೇನೆ ಎಂದೆ. ಅವಳ ಕಣ್ಣಲ್ಲಿ ಆಗ ಸಿಟ್ಟು ಕಾಣಿಸಿತು. “ಯಾಕ್ರಿ? ಅವತ್ತ ಹೆಸರ ಹಿಡದ ನಿಲ್ಲಿಸಿದ್ರಿ. ಈಗೂ ಕಸ್ತೂರಿ ಅಂತನ ಬರೀರಿ.”

ಮತ್ತೆ ಓದುತ್ತೀಯಾ, ಹೊರಗಿನಿಂದ ಪರೀಕ್ಷೆಗೆ ಕೂರುತ್ತೀಯಾ, ನಾನು ಕಲಿಸುತ್ತೇನೆ ಎಂದೆ. “ಅದು ಬ್ಯಾರೆ ಮಾತ್ರಿ” ಎಂದು ಮಷಿನ್ ತುಳಿಯತೊಡಗಿದಳು. ಚಹಾ ಕುಡಿದು ಎದ್ದೆ. ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ಅನ್ನಬೇಕೆಂದು ನಾನು ಯಾವ ಬಾಯಿಂದ ಕೇಳಲಿ?

ಮಾಸ್ತರರ ಸಾಲು ಹಾಗೇ ಉಳಿದಿದೆ. ಗೀಟನ್ನು ನಾನೇ ಅಳಿಸಿಕೊಟ್ಟೆ. ಕಳೆದ ರವಿವಾರ ನರ್ಸ್ ಹುಡುಗಿಯರಿಗೆ ಅದನ್ನು ಓದಿದರಂತೆ. ಯಾರೂ ಅರ್ಥ ಕೇಳಲಿಲ್ಲ, ಯಾರಿಗೂ ನಿದ್ದೆ ಬರಲಿಲ್ಲ. ಒಬ್ಬಳು ನಡುವೆಯೇ ಎದ್ದು ಹೊರಗೆ ಹೋಗಿ ನಿಂತಳಂತೆ. ದೊಡ್ಡ ಮಾತನ್ನು ಸರಳ ಮಾಡಿದರೆ ಅದರ ಗೌರವ ಹೋಗುತ್ತದೆ ಎಂದು ವಾದಿಸುವವರಿಗೆ ನನ್ನದೊಂದೇ ಪ್ರಶ್ನೆ: ಯಾರ ಗೌರವ? ಮಾತಿನದೋ, ಕೇಳಿಯೂ ಕೇಳದಂತೆ ಕೂತ ನಮ್ಮದೋ?

ಶಾಲೆಯಲ್ಲೇ ಹೇಳೋಣವೆಂದರೆ ಆ ಇಯತ್ತೆ ಚದುರಿಹೋಗಿದೆ. ಕೆಲವರು ಕಾಲೇಜಿನಲ್ಲಿ, ಕೆಲವರು ಕಾರ್ಖಾನೆಯಲ್ಲಿ. ಒಬ್ಬಳು ಚಿಗಳ್ಳಿಗೆ ಮದುವೆಯಾಗಿ ಹೋದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನದಿಯ ಪ್ರಬಂಧ ಕಸ್ತೂರಿಯದೇ. ಅವಳು ಕದ್ದಿರಲಿಲ್ಲ. ನಾನು ಸುಳ್ಳು ಆರೋಪ ಹೊರಿಸಿದೆ, ನಾಲ್ಕು ದಿನದಲ್ಲಿ ನಿಜ ತಿಳಿದುಕೊಂಡೆ, ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಅವತ್ತು ಆ ಕೋಣೆಯಲ್ಲಿದ್ದ ನಲವತ್ತು ಜನರಲ್ಲಿ ಎಷ್ಟು ಮಂದಿ ಇದನ್ನು ಓದುತ್ತಿದ್ದೀರಿ?