ಚಿತ್ರದಲ್ಲಿ ಬಿಟ್ಟುಹೋದ ಹಲಸಿನ ಮರ

ಗರಗಸದ ಸದ್ದು ಗೇಟಿನ ಹತ್ತಿರವೇ ಕೇಳಿಸಿತ್ತು. ಮಳೆ ಹಿಡಿಯುವ ಮುಂಚೆ ನಮ್ಮ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಇಳಿಸುತ್ತಾರೆ. ಹಾಗಾಗಿ ಬೈಕ್ ನಿಲ್ಲಿಸಿ ನಿಧಾನವಾಗಿಯೇ ನಡೆದೆ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ದೊಡ್ಡಮ್ಮನ ಹಲಸಿನ ಮರದಲ್ಲಿ ಒಂದು ಕೊಂಬೆಯೂ ಉಳಿದಿರಲಿಲ್ಲ.

ನಾನು ಸೋಮವಾರಪೇಟೆಯಲ್ಲಿ ಮನೆಗಳ ನಕ್ಷೆ ಬರೆದುಕೊಡುವವನು. ಅಂಗಳದ ಅಂಚಿಗೆ ಎರಡು ಕೋಣೆಯ ಹೋಂಸ್ಟೇ ಕಟ್ಟಿಸಲು ಹೊರಟಾಗ ದೊಡ್ಡಮ್ಮ ಕೇಳಿದ್ದು ಒಂದೇ: "ಗೋಡೆ ಎಲ್ಲಾದ್ರೂ ಎಬ್ಬಿಸು ಮಗ, ಕಿಟಕಿ ತೆಗೆದ್ರೆ ನಮ್ಮ ಹಲಸು ಕಾಣ್ಬೇಕು." ಕಿಟಕಿಗಳನ್ನೆಲ್ಲ ಮರದ ಕಡೆಗೇ ಇಟ್ಟೆ.

ಆಗಷ್ಟೇ ಕಂಪ್ಯೂಟರಿಗೆ ಹೊಸ ರೆಂಡರಿಂಗ್ ಪ್ಲಗಿನ್ ಹಾಕಿಸಿದ್ದೆ. ಬೂದು ಗೋಡೆಗಳ ಮಾದರಿಗೆ ಅದು ಬಿಸಿಲು, ನೆರಳು, ಹೆಂಚಿನ ಪಾಚಿ ಎಲ್ಲ ಹಚ್ಚಿ, ಕಟ್ಟಿ ಮುಗಿದ ಮನೆಯ ಫೋಟೋದಂತೆ ಮಾಡಿಕೊಡುತ್ತದೆ. ಆದರೆ ಹಲಸಿನ ಅಷ್ಟೊಂದು ಎಲೆ ಲೆಕ್ಕ ಹಾಕಲಾರದೆ ನನ್ನ ಹಳೇ ಕಂಪ್ಯೂಟರ್ ಮೂರು ಸಲ ನಿಂತುಹೋಯಿತು. ಸದ್ಯಕ್ಕೆ ಇರಲಿ ಎಂದು ಮರವನ್ನು ಮರೆಮಾಡಿ ಚಿತ್ರ ತೆಗೆದೆ, ವಾಟ್ಸಾಪಿನಲ್ಲಿ ಕಳಿಸಿದೆ.

"ಕಟ್ಟೇ ಬಿಟ್ಟಿದ್ದೀಯಲ್ಲೋ!" ಎಂದು ದೊಡ್ಡಮ್ಮ ಫೋನಿನಲ್ಲಿ ನಕ್ಕಿದ್ದಳು. ಮರದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಅಂಗಳದಲ್ಲಿ ನಿಂತಿದ್ದ ಅವಳ ಹತ್ತಿರ ಹೋಗಿ, "ದೊಡ್ಡಮ್ಮ, ಏನಿದು?" ಎಂದೆ.

"ಏನು ಅಂದ್ರೆ? ತೆಗೆದಿದ್ದು ನೀನಲ್ವಾ?" ಮೊಬೈಲ್ ಮುಂದೆ ಹಿಡಿದಳು. "ಇದ್ರಲ್ಲಿ ಮರ ಎಲ್ಲಿದೆ ತೋರ್ಸು. ಬೇರು ಪಾಯಕ್ಕೆ ಬರುತ್ತೇನೋ ಅಂದ್ಕೊಂಡೆ. ಓದಿದವನು ಲೆಕ್ಕ ಹಾಕಿ ಮಾಡಿರ್ತಾನೆ, ನಾನ್ಯಾಕೆ ಅಡ್ಡ ಬರ್ಲಿ? ಹೆಂಗೂ ಮರಗಸಿಯವ್ರು ಬಂದಿದ್ರು."

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀನು ಒಂದು ಮಾತು ಹೇಳ್ಬಾರ್ದಿತ್ತಾ?"

ಬುಡದ ಹತ್ತಿರ ಕೂತಿದ್ದ ಮರ ಕಡಿಯುವವನು ಮೆಷಿನ್ ಗರಗಸ ಹಿಡಿದು ನಮ್ಮಿಬ್ಬರನ್ನೂ ನೋಡಿದ. "ಕಡಿಯೋದಾ ಬಿಡೋದಾ ಅಕ್ಕ? ಬೇಗ ಹೇಳಿ, ಪೆಟ್ರೋಲ್ ಸುಡ್ತಾ ಇದೆ."

"ನಿಲ್ಸೋ ಅದನ್ನ," ಎಂದ ದೊಡ್ಡಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸದ್ದು ನಿಂತಿತು. ನೆಲದ ತುಂಬ ಎಳೆಗಾಯಿ, ಅಂಟು ಹಾಲು.

ವಾರ ಬಿಟ್ಟು ಹೊಸ ಚಿತ್ರ ಹಿಡಿದು ನಾನೇ ಹೋದೆ. ಪ್ಲಗಿನ್ನಿನಲ್ಲಿ ಸಿದ್ಧವಾಗಿದ್ದ ದೊಡ್ಡ ಹಸಿರು ಮರವೊಂದನ್ನು, ರಾತ್ರಿಯಿಡೀ ಕಂಪ್ಯೂಟರ್ ಓಡಿಸಿ, ಅಂಗಳದಲ್ಲಿ ನಿಲ್ಲಿಸಿದ್ದೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದಳು.

"ಅವತ್ತು ಇರೋ ಮರ ತೆಗೆದೆ. ಇವತ್ತು ಇಲ್ದಿರೋ ಎಲೆ ಅಂಟಿಸ್ತೀಯಾ?"

ವಾಪಸು ಹೋಗಿ ಬೋಳು ಕಾಂಡವನ್ನೇ ಬರೆದೆ. ಅದರ ತೊಗಟೆಯ ಫೋಟೋ ತೆಗೆದು, ಕಡಿದ ಗುರುತುಗಳ ಸಮೇತ ಹಚ್ಚಿದೆ. ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು.

ಆ ಚಿತ್ರ ತಲುಪಿದ ಮೇಲೆ ದೊಡ್ಡಮ್ಮ ಫೋನ್ ಮಾಡಿ ಇಷ್ಟೇ ಹೇಳಿದಳು: "ಈಗ ಸರಿ ಬಂತು. ಕಿಟಕಿ ಅಲ್ಲೇ ಇರ್ಲಿ."