ಕಟ್ಟೆಯ ಮೇಲೆ ಕುಳಿತವಳ ತಾಳ

ಮೂಡಲಗಿಯ ನಮ್ಮ ಓಣಿಯ ಹೆಂಗಸರ ಭಜನೆಯಲ್ಲಿ ನನ್ನ ಕೈಗೆ ತಾಳ ಕೊಟ್ಟದ್ದು ಒಂದೇ ಕಾರಣಕ್ಕೆ: ನಾನು ದಡ್ಡಿ ಊರಿನ ಡೊಳ್ಳಿನವರ ಮಗಳು. ಅಪ್ಪ ಡೊಳ್ಳು ಬಾರಿಸಿದರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದರು. ಅಣ್ಣನೂ ಹಾಗೇ. ನೂಲಿನಂತೆ ಸೀರೆ ಅಂದುಕೊಂಡಿದ್ದರು, ಪಾಪ. ನಾನು ಎರಡನೆಯ ನುಡಿಗೇ ಎಲ್ಲರನ್ನೂ ಬಿಟ್ಟು ಮುಂದೆ ಓಡಿಹೋಗಿರುತ್ತಿದ್ದೆ.

ಶ್ರಾವಣದ ಮೂರನೇ ಸೋಮವಾರ ಭಜನೆ ನಡೆಸುವ ಅಕ್ಕ ಹಾರ್ಮೋನಿಯಂ ಪೇಟಿ ನಿಲ್ಲಿಸಿಯೇಬಿಟ್ಟರು. "ಯಾಕ ತಂಗಿ, ಬಸ್ ಹೊಂಟೈತೇನ? ಮುಂದಿನ ಸೋಮವಾರನೂ ಹಿಂಗ ಆದ್ರ ತಾಳ ಬ್ಯಾರೇದವರಿಗೆ ಕೊಡ್ತೇನಿ ನೋಡು." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಲಯ ಒಲಿದು ಇನ್ನೊಬ್ಬರಿಗೆ ಏಕೆ ಒಲಿಯುವುದಿಲ್ಲ? ಆ ವಾರವೆಲ್ಲ ತಲೆಯಲ್ಲಿ ಇದೇ ಹುಳು. ಹೊಲಿಗೆ ಯಂತ್ರ ತುಳಿಯುವ ಪಕ್ಕದ ಮನೆಯವಳ ಪಾದ ನೋಡಿದೆ. ಗೋಕಾಕದ ಬಸ್ಸಿನಲ್ಲಿ ಹಾಡಿಗೆ ಸರಿಯಾಗಿ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ ಡ್ರೈವರನನ್ನು ನೋಡಿದೆ. ಅದೇ ಹಾಡಿಗೆ ತಲೆಯಾಡಿಸುತ್ತಿದ್ದ ಒಂದು ಕೂಸನ್ನು ಕಂಡು ಹೊಟ್ಟೆಕಿಚ್ಚೂ ಪಟ್ಟೆ.

ಶನಿವಾರ ಅಪ್ಪ ಬಂದ. ರೊಟ್ಟಿ ಬಡಿಯುತ್ತಲೇ ನನ್ನ ದುಃಖ ಹೇಳಿಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ಕುಳಿತ ಅವನ ಬೆರಳು ಮೊಣಕಾಲಿನ ಮೇಲೆ ಆಡುತ್ತಿತ್ತು.

"ಇಷ್ಟೊತ್ತು ಕೇಳಾಕತ್ತೇನಿ. ನೀ ರೊಟ್ಟಿ ಬಡಿಯೂದ್ರಾಗ ಒಂದ ಪೆಟ್ಟೂ ತಪ್ಪಿಲ್ಲ. ಇದನ್ನ ಯಾರು ಕಲಿಸಿದ್ರು?"

"ಯಾರು ಕಲಸ್ತಾರಪ್ಪಾ? ಸಣ್ಣಾಕಿದ್ದಾಗಿಂದ ಅವ್ವನ ಬಾಜೂಕ ಕುಂತು ಬಡಿತಿದ್ದೆ."

"ಮತ್ತ ನಿಮ್ಮಣ್ಣ?"

ಅಣ್ಣ ನಡೆಯಲು ಕಲಿತಾಗಿನಿಂದ ಡೊಳ್ಳಿನವರ ಸುತ್ತಿನಲ್ಲಿ ಅಪ್ಪನ ಹಿಂದೆ ಹೆಜ್ಜೆ ಹಾಕಿದವನು. ವರ್ಷಗಟ್ಟಲೆ ಬರೀ ಕಾಲು. ಕೈಗೆ ಡೊಳ್ಳು ಬಂದದ್ದು ಆಮೇಲೆ. ನಾನು ಗುಡಿಯ ಕಟ್ಟೆಯ ಮೇಲೆ ಹೆಂಗಸರ ನಡುವೆ ಕುಳಿತು ನೋಡಿದವಳು. ಒಮ್ಮೆ ಇಳಿದು ಸುತ್ತಿನೊಳಗೆ ಓಡಿದ್ದೆನಂತೆ. ನನಗದು ಮರೆತೇಹೋಗಿತ್ತು. ಅಪ್ಪ ಮರೆತಿರಲಿಲ್ಲ.

"ರಟ್ಟಿ ಹಿಡಿದು ನಿನ್ನ ತಿರಗಿ ಕಟ್ಟಿ ಮ್ಯಾಲ ಕುಂದರಿಸಿದಾಂವ ನಾನ. ತಪ್ಪು ನಿಂದಲ್ಲವ್ವಾ" ಅಂದ.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಅಪ್ಪ ಮಂಡಿ ಹಿಡಿದುಕೊಂಡು ಎದ್ದು, ಹಿಟ್ಟಿನ ಕೈ ತೊಳೆಯಲೂ ಬಿಡದೆ, ಹಿತ್ತಲಿನಲ್ಲಿ ನನ್ನನ್ನು ತನ್ನ ಹಿಂದೆ ನಿಲ್ಲಿಸಿಕೊಂಡ. ಅವತ್ತೂ ಮರುದಿನವೂ ಹೆಜ್ಜೆ ಹಾಕಿಸಿದ್ದೇ ಹಾಕಿಸಿದ್ದು.

ಸೋಮವಾರ ಓಣಿಯ ಗುಡಿಯೊಳಗೆ ಎಲ್ಲರೂ ಕುಳಿತರು. "ಅಕ್ಕಾರ, ನಾ ನಿಂತು ಬಾರಿಸಲೇನ್ರಿ?" ಅಂದೆ. ಅಕ್ಕ ಹುಬ್ಬೇರಿಸಿ ಪೇಟಿಗೆ ಕೈ ಹಾಕಿದರು. ಎರಡನೆಯ ನುಡಿಗೆ ಕೈ ಹಳೆಯ ಚಾಳಿಯಂತೆ ಓಡಲು ನೋಡಿತು. ಕಾಲು ಬಿಡಲಿಲ್ಲ. ಪೇಟಿ ನಿಲ್ಲಲಿಲ್ಲ.

ಗಂಡಸರಿಗೆ ಒಳಗೆ ಜಾಗವಿರಲಿಲ್ಲ. ಅಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತು ನನ್ನ ಕಾಲುಗಳನ್ನೇ ನೋಡುತ್ತಿದ್ದ.